ಕ್ಲಾಸ್ ಎ ಆಂಪ್ಲಿಫೈಯರ್‌ಗೆ ಎಣ್ಣೆಯೋ, ಹೀಟ್‌ಸಿಂಕೋ?

ಕ್ಲಾಸ್ ಎ ಆಂಪ್ಲಿಫೈಯರ್‌ನ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಕರೆಂಟ್ ಸದಾ ಹರಿಯುತ್ತಲೇ ಇರುತ್ತದೆ. ಬ್ರಿಟಿಷ್ ಸರ್ಕ್ಯೂಟ್ ವಿನ್ಯಾಸಕ ಜಾನ್ ಲಿನ್ಸ್ಲಿ ಹುಡ್ 1969ರಲ್ಲಿ ಪ್ರಕಟಿಸಿದ 10 ವ್ಯಾಟ್ ಕ್ಲಾಸ್ ಎ ಸರ್ಕ್ಯೂಟ್‌ಗೆ 8 ಓಮ್ ಸ್ಪೀಕರ್ ಇದ್ದಾಗ ಚಾನೆಲ್‌ಗೆ 27 ವೋಲ್ಟ್, 1.2 ಆಂಪಿಯರ್ ಬೇಕು. ಹಾಡು ಓಡಲಿ, ಬಿಡಲಿ, ಎರಡು ಚಾನೆಲ್‌ಗಳಿಂದ ಸುಮಾರು 65 ವ್ಯಾಟ್ ಶಾಖ ಬರುತ್ತಲೇ ಇರುತ್ತದೆ. ಅದನ್ನು ಹೊರಹಾಕಲು ಟ್ರಾನ್ಸಿಸ್ಟರ್‌ಗಳನ್ನು ಎಣ್ಣೆಯ ಪೆಟ್ಟಿಗೆಯಲ್ಲಿ ಮುಳುಗಿಸಬೇಕೋ, ಹೀಟ್‌ಸಿಂಕ್ ಎಂಬ ರೆಕ್ಕೆಗಳುಳ್ಳ ಲೋಹದ ತುಂಡಿಗೆ ಬಿಗಿಯಬೇಕೋ?

ಎಣ್ಣೆ ಮೊದಮೊದಲು ಮೋಸ ಮಾಡುತ್ತದೆ. 8 ಲೀಟರ್ ಎಣ್ಣೆ ನಿಮಿಷಕ್ಕೆ 0.3 ಡಿಗ್ರಿಯಷ್ಟೇ ಏರುವುದರಿಂದ ಅರ್ಧ ಗಂಟೆ ಎಲ್ಲವೂ ತಣ್ಣಗೇ ಇದ್ದಂತೆ ಕಾಣುತ್ತದೆ. ಕೊನೆಗೆ ಶಾಖ ಹೊರಹೋಗಬೇಕಾದದ್ದು ಪೆಟ್ಟಿಗೆಯ ಮೈಯಿಂದಲೇ. ಏರಿಕೆ 30 ಡಿಗ್ರಿಗೆ ನಿಲ್ಲಬೇಕಾದರೆ ಸುಮಾರು 0.2 ಚದರ ಮೀಟರ್ ತೆರೆದ ಮೈ ಬೇಕು. ಅಂದರೆ 30×20×15 ಸೆಂ.ಮೀ. ಅಲ್ಯೂಮಿನಿಯಂ ಪೆಟ್ಟಿಗೆ, ಮುಚ್ಚಳವೂ ಸೇರಿ. 5 ಮಿ.ಮೀ. ಅಕ್ರಿಲಿಕ್ ಬಳಸಿದರೆ ಏರಿಕೆ ಕಾಲು ಭಾಗದಷ್ಟು ಹೆಚ್ಚುತ್ತದೆ. ಬಿಸಿಯಾದ ಎಣ್ಣೆ 180 ಮಿ.ಲೀ.ಯಷ್ಟು ಹಿಗ್ಗುವುದರಿಂದ ಮೇಲೆ ಖಾಲಿ ಜಾಗ, ಗಾಳಿ ರಂಧ್ರ ಎರಡೂ ಇರಲಿ.

ಎಣ್ಣೆಗಳಲ್ಲಿ ಹೊಸ ಟ್ರಾನ್ಸ್‌ಫಾರ್ಮರ್ ಎಣ್ಣೆಗೇ ನಮ್ಮ ಮತ. ತೆಳುವಾಗಿರುವುದರಿಂದ ಪಂಪ್ ಇಲ್ಲದೆಯೂ ಚೆನ್ನಾಗಿ ಸುತ್ತುತ್ತದೆ. ಗುಜರಿಯ ಹಳೇ ಎಣ್ಣೆ ಬೇಡವೇ ಬೇಡ, ಅದರಲ್ಲಿ ಪಿಸಿಬಿ (ಪಾಲಿಕ್ಲೋರಿನೇಟೆಡ್ ಬೈಫಿನೈಲ್) ಎಂಬ ವಿಷಕಾರಿ ರಾಸಾಯನಿಕ ಇರಬಹುದು. ಲಿಕ್ವಿಡ್ ಪ್ಯಾರಫಿನ್‌ಗೆ ವಾಸನೆ, ಬಣ್ಣ ಇಲ್ಲ. ಆದರೆ ಮಂದ, ಟ್ರಾನ್ಸಿಸ್ಟರ್ ಸುತ್ತಲೇ ಬಿಸಿ ನಿಲ್ಲುತ್ತದೆ. 50 ಸೆಂಟಿಸ್ಟೋಕ್ (ಎಣ್ಣೆಯ ಮಂದತೆಯ ಅಳತೆ) ಸಿಲಿಕೋನ್ ಎಣ್ಣೆ ಬೆಂಕಿಯ ದೃಷ್ಟಿಯಿಂದ ಎಲ್ಲಕ್ಕಿಂತ ಸುರಕ್ಷಿತ, ಬೆಲೆ ಮಾತ್ರ ವಿಪರೀತ. ರಿಲೇ (ವಿದ್ಯುತ್‌ನಿಂದ ನಡೆಯುವ ಸ್ವಿಚ್) ಸಂಪರ್ಕಗಳ ಕಿಡಿಗೆ ಅದು ಸಿಲಿಕಾ ಪದರವಾಗಿ ಕೂರುತ್ತದೆ. ಅಡುಗೆ ಎಣ್ಣೆ ಜಿಗುಟಾಗಿ ಕೆಡುತ್ತದೆ.

ಮಿನರಲ್ ಎಣ್ಣೆಯಲ್ಲಿ (ಟ್ರಾನ್ಸ್‌ಫಾರ್ಮರ್ ಎಣ್ಣೆ, ಲಿಕ್ವಿಡ್ ಪ್ಯಾರಫಿನ್) ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ರಬ್ಬರ್ ಬಿರಡೆ ಉಬ್ಬುತ್ತದೆ, ಪಿವಿಸಿ ವೈರು ಗಡುಸಾಗಿ ಬಿರಿಯುತ್ತದೆ, ಪಾಲಿಸ್ಟೈರೀನ್ ಕೆಪಾಸಿಟರ್ ಹಾಳಾಗುತ್ತದೆ. ಆದ್ದರಿಂದ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನು ಮಾತ್ರ ಮುಳುಗಿಸಿ. ಕೆಪಾಸಿಟರ್, ವಾಲ್ಯೂಮ್ ಕಂಟ್ರೋಲ್, ರಿಲೇ ಹೊರಗಿರಲಿ. ಟೆಫ್ಲಾನ್ ಹೊದಿಕೆಯ ಒಂಟಿ ಎಳೆ ತಂತಿಯನ್ನೇ ಬಳಸಿ: ಬಹು ಎಳೆಯ ವೈರಿನೊಳಗೆ ಎಣ್ಣೆ ಹೀರಿಕೊಂಡು ಮೇಲೇರಿ ಸ್ಪೀಕರ್ ಟರ್ಮಿನಲ್‌ನಲ್ಲಿ ತೊಟ್ಟಿಕ್ಕುತ್ತದೆ.

ಇಷ್ಟೆಲ್ಲ ಮಾಡಿ ಸಿಗುವುದು ಚಾನೆಲ್‌ಗೊಂದು 0.9 ಡಿಗ್ರಿ/ವ್ಯಾಟ್ (ಪ್ರತಿ ವ್ಯಾಟ್‌ಗೆ 0.9 ಡಿಗ್ರಿ ಏರುವ) ಹೀಟ್‌ಸಿಂಕ್ ಕೊಡುವಷ್ಟೇ ತಂಪು. ಹೀಟ್‌ಸಿಂಕ್‌ಗೆ ಸೋರಿಕೆಯ ಭಯವಿಲ್ಲ, ಟ್ರಾನ್ಸಿಸ್ಟರ್ ಬದಲಿಸುವುದೂ ಸುಲಭ. ಈ ಆಂಪ್‌ಗೆ ಹೀಟ್‌ಸಿಂಕೇ ಸರಿ.

ಎಣ್ಣೆ ನಿಜವಾಗಿ ಗೆಲ್ಲುವುದು ಡಮ್ಮಿ ಲೋಡ್‌ನಲ್ಲಿ, ಅಂದರೆ ಆಂಪ್ ಪರೀಕ್ಷಿಸುವಾಗ ಸ್ಪೀಕರ್ ಬದಲು ಜೋಡಿಸುವ ರೆಸಿಸ್ಟರ್‌ನಲ್ಲಿ. 8 ಓಮ್ ವೈರ್‌ವೌಂಡ್ ರೆಸಿಸ್ಟರನ್ನು 4 ಲೀಟರ್ ಎಣ್ಣೆಯ ತಗಡಿನ ಡಬ್ಬದಲ್ಲಿ ತಳಕ್ಕೆ ತಾಗದಂತೆ ತೂಗುಬಿಟ್ಟರೆ, 100 ವ್ಯಾಟ್ 10 ನಿಮಿಷ ಹರಿದರೂ ಎಣ್ಣೆ ಏರುವುದು ಸುಮಾರು 9 ಡಿಗ್ರಿ.