ಗಂಟು ಕಟ್ಟುವ ಟ್ಯೂಬು, ಗಂಟು ಬಿಟ್ಟ ಟ್ಯೂಬು

ಎರಡು ಬೀಕರಿನಲ್ಲೂ ಒಂದೇ ಎಪಾಕ್ಸಿ (ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ರಾಳ), ಒಂದೇ ತೂಕದ ಕಾರ್ಬನ್ ನ್ಯಾನೋಟ್ಯೂಬು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕೊಳವೆ: ನೂರು ಗ್ರಾಂ ಮಿಶ್ರಣಕ್ಕೆ ಕಾಲು ಗ್ರಾಂ. ಎರಡೂ ಮಸಿಯಷ್ಟು ಕಪ್ಪು. ಓರೆ ಮಾಡಿದಾಗಲೇ ಬೇರೆ ಬೇರೆ ಅಂತ ಗೊತ್ತಾಗುತ್ತಿದ್ದುದು. ಒಂದು ಜೋನಿಬೆಲ್ಲದ ಹಾಗೆ ಜಾರಿ ಬರುತ್ತಿತ್ತು. ಇನ್ನೊಂದು ಅಂಚಿನವರೆಗೆ ಬಂದು, ನಿಂತು, ಆಮೇಲೆ ದೊಪ್ಪನೆ ಬೀಳುತ್ತಿತ್ತು. ಹಾಸನದ ನಮ್ಮ ಲ್ಯಾಬಿನಲ್ಲಿ ಚಳಿಗಾಲವಿಡೀ ನಾನು ನೋಡಿದ್ದು ಇವೆರಡನ್ನೇ.

ಜಾರುವುದು ಆಸಿಡ್ಡಿನಲ್ಲಿ ಸಂಸ್ಕರಿಸಿ, ಮೈಮೇಲೆ ಕಾರ್ಬಾಕ್ಸಿಲ್ ಗುಂಪು (ಇಂಗಾಲ, ಆಮ್ಲಜನಕ, ಜಲಜನಕದ ಪುಟ್ಟ ಜೋಡಣೆ) ಕೂರಿಸಿದ ಟ್ಯೂಬಿನದು. ಬೀಳುವುದು ಪ್ಯಾಕೆಟ್ಟಿನಿಂದ ತೆಗೆದ ಹಾಗೇ ಹಾಕಿದ ಕಚ್ಚಾ ಟ್ಯೂಬಿನದು.

ಬರೀ ಎಪಾಕ್ಸಿಯದು ಸಾಧು ಸ್ವಭಾವ. ನಾನು ಬಳಸಿದ ರಾಳದ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ತಡೆ, 25 ಡಿಗ್ರಿಯಲ್ಲಿ 10 ಪಾಸ್ಕಲ್-ಸೆಕೆಂಡಿನ ಆಸುಪಾಸು, ಅಂದರೆ ನೀರಿನ ಸುಮಾರು ಹತ್ತು ಸಾವಿರ ಪಟ್ಟು. ಮೆಲ್ಲಗೆ ತಿರುಗಿಸಿದರೂ ಅಷ್ಟೇ, ಜೋರಾಗಿ ತಿರುಗಿಸಿದರೂ ಅಷ್ಟೇ. ಬೆರೆಸಿದ್ದು ಗುಂಡನೆಯ ಕಣಗಳಾಗಿದ್ದರೆ, ಐನ್‌ಸ್ಟೈನರ 1906ರ ಲೆಕ್ಕದ ಪ್ರಕಾರ ಇಷ್ಟು ಚಿಟಿಕೆಗೆ ಸ್ನಿಗ್ಧತೆ ಶೇಕಡಾ ಒಂದರಷ್ಟೂ ಏರಬಾರದು. ಆದರೆ ಇವು ಅಗಲಕ್ಕಿಂತ ನೂರಾರು ಪಟ್ಟು ಉದ್ದದ ಕಡ್ಡಿಗಳು.

ಮೊದಲ ವಾರ ನಾನೇ ಬೇಸ್ತು ಬಿದ್ದೆ. ಕಡ್ಡಿ ತಿರುಗಿಸಿ ಸ್ನಿಗ್ಧತೆ ಅಳೆಯುವ ಸ್ಪಿಂಡಲ್ ವಿಸ್ಕೋಮೀಟರಿನಲ್ಲಿ ಒಂದೇ ವೇಗ ಇಟ್ಟು, ಅದೂ ಜೋರು ವೇಗ, ಅಳೆದೆ. 'ಎರಡಕ್ಕೂ ಅಂಥಾ ವ್ಯತ್ಯಾಸ ಇಲ್ಲ ಸರ್' ಅಂತ ಗೈಡಿಗೆ ಹೇಳಿಯೂ ಆಯಿತು. ಸಾಲದ್ದಕ್ಕೆ ಬೆಳಗಿನ ಅಂಕಿ ಒಂದು, ಮಧ್ಯಾಹ್ನದ್ದು ಇನ್ನೊಂದು. ಡಿಸೆಂಬರಿನ ಹಾಸನದ ಬೆಳಗಿಗೆ ಎಪಾಕ್ಸಿಯೂ ಮುದುಡಿಕೊಳ್ಳುತ್ತದೆ. ಕೊನೆಗೆ ತಟ್ಟೆಯನ್ನು 25 ಡಿಗ್ರಿಯಲ್ಲೇ ಹಿಡಿದಿಡುವ ಕೋನ್-ಪ್ಲೇಟ್ ರಿಯೋಮೀಟರಿನ (ತಟ್ಟೆಯ ಮೇಲೆ ಶಂಕು ತಿರುಗಿಸಿ ಸ್ನಿಗ್ಧತೆ ಅಳೆಯುವ ಯಂತ್ರ) ಮುಂದೆ ಕೂತು, ತೀರಾ ನಿಧಾನದಿಂದ ಶುರುಮಾಡಿ ವೇಗ ಏರಿಸುತ್ತಾ ಹೋದೆ. ಆಗ ಗುಟ್ಟು ರಟ್ಟಾಯಿತು. ನಿಧಾನದಲ್ಲಿ ಕಚ್ಚಾ ಟ್ಯೂಬಿನ ಮಿಶ್ರಣ ಬರೀ ಎಪಾಕ್ಸಿಗಿಂತ ಎಷ್ಟೋ ಪಟ್ಟು ಗಟ್ಟಿ. ವೇಗ ಹೆಚ್ಚಿದಂತೆ ಇಳಿದಿಳಿದು ಕೊನೆಗೆ ಎಪಾಕ್ಸಿಯ ಗೆರೆಯ ಹತ್ತಿರಕ್ಕೇ ಬಂತು. ಸಂಸ್ಕರಿಸಿದ್ದು ಮೊದಲಿಂದ ಕೊನೆತನಕ ತುಸುವೇ ಮೇಲೆ ನಿಂತು, ತುಸುವೇ ಇಳಿಯಿತು. ನಾನು ಮೊದಲು ಅಳೆದದ್ದು ಎರಡೂ ಗೆರೆ ಕೂಡುವ ಜಾಗದಲ್ಲಿ!

ಕಾರಣ ಮೈಕ್ರೋಸ್ಕೋಪಿನಲ್ಲಿ ಕಂಡಿತು. ಕಚ್ಚಾ ಟ್ಯೂಬುಗಳು ವಾನ್ ಡರ್ ವಾಲ್ಸ್ ಸೆಳೆತಕ್ಕೆ (ತೀರಾ ಹತ್ತಿರ ಬಂದ ಅಣುಗಳ ನಡುವಿನ ಸಣ್ಣ ಸೆಳೆತ) ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ಗಂಟಿನೊಳಗೆ ರಾಳವೂ ಸಿಕ್ಕಿಬೀಳುವುದರಿಂದ ಅದು ತನ್ನ ತೂಕಕ್ಕೆ ಮೀರಿದ ಜಾಗ ಹಿಡಿಯುತ್ತದೆ. ಜೋರಾಗಿ ತಿರುಗಿಸಿದರೆ ಗಂಟು ಒಡೆಯುತ್ತದೆ, ಸುಮ್ಮನೆ ಬಿಟ್ಟರೆ ಮತ್ತೆ ಕಟ್ಟುತ್ತದೆ. ನಮ್ಮ ಲ್ಯಾಬ್ ಅಟೆಂಡರ್ ಒಮ್ಮೆ ಬಗ್ಗಿ ನೋಡಿ, 'ಹಿಟ್ಟು ಸರಿಯಾಗಿ ತಿರುವಿಲ್ಲ ಕಣಮ್ಮ, ಮುದ್ದೆ ಗಂಟಾಗೈತೆ' ಅಂದರು. ನನ್ನ ವರದಿಯ ಎರಡು ಪುಟ ಅಲ್ಲಿಗೆ ಮುಗಿಯಿತು. ಸಂಸ್ಕರಿಸಿದ್ದರಲ್ಲಿ ಗಂಟು ಕಾಣಲಿಲ್ಲ. ಅಲ್ಲಿ ಸ್ನಿಗ್ಧತೆ ಇಳಿಯುವುದು ಬಿಡಿಬಿಡಿ ಕಡ್ಡಿಗಳು ಹರಿವಿನ ದಿಕ್ಕಿಗೆ ತಿರುಗಿ ಮಲಗುವುದರಿಂದ.

ಬೆರೆಸುವ ವಿಧಾನದ ಬಗ್ಗೆ ಹೆಚ್ಚು ಹೇಳಲಾರೆ. ಶ್ರವಣಾತೀತ ಕಂಪನ ಕೊಡುವ ಅಲ್ಟ್ರಾಸಾನಿಕ್ ಪ್ರೋಬ್ ಗಂಟನ್ನು ಬೇಗ ಬಿಡಿಸುತ್ತದೆ, ಆದರೆ ಬಿಸಿಯೇರಿಸುತ್ತದೆ, ಟ್ಯೂಬನ್ನೂ ತುಂಡರಿಸುತ್ತದೆ. ಐಸ್ ಇಲ್ಲದೆ ಮುಟ್ಟಬೇಡಿ. ಉರುಳೆಗಳ ನಡುವೆ ಅರೆಯುವ ಮೂರು ರೋಲಿನ ಮಿಲ್ಲು ಸೌಮ್ಯ. ತೊಳೆಯುವವರ ಪಾಡು ಮಾತ್ರ ಅಸಿಟೋನಿಗೇ ಗೊತ್ತು. ಒಣ ಪುಡಿ ತೂಗುವಾಗ ಮಾಸ್ಕ್ ಬೇಕೇ ಬೇಕು.

ಗಾಜಿನ ಬಟ್ಟೆಯ ಎಳೆಗಳ ನಡುವೆ ರಾಳ ಇಳಿಸುವುದಿದ್ದರೆ ನನ್ನ ಓಟು ಸಂಸ್ಕರಿಸಿದ್ದಕ್ಕೇ. ಅಲ್ಲಿ ಹರಿವು ನಿಧಾನ, ಕಚ್ಚಾ ಮಿಶ್ರಣ ಹಟ ಹಿಡಿಯುವುದೂ ನಿಧಾನದಲ್ಲೇ. ಬಟ್ಟೆಯೇ ಜರಡಿಯಾಗಿ ಗಂಟುಗಳನ್ನು ಹೊರಗೇ ತಡೆದದ್ದನ್ನು ಕಂಡಿದ್ದೇನೆ. ಗೋಡೆಯಂತೆ ನಿಂತ ಮೈಗೆ ಬ್ರಷ್ಷಿನಲ್ಲಿ ಬಳಿಯುವುದಾದರೆ ಕಚ್ಚಾದೇ ಮೇಲು: ಬ್ರಷ್ಷಿನಡಿ ತೆಳ್ಳಗಾಗುತ್ತದೆ, ಕೈ ತೆಗೆದ ಮೇಲೆ ಸೋರದೆ ನಿಲ್ಲುತ್ತದೆ.

ಕಚ್ಚಾ ಪ್ಯಾಕೆಟ್ಟನ್ನು ಎತ್ತಿಟ್ಟುಕೊಳ್ಳಲು ಇನ್ನೊಂದು ಕಾರಣವೂ ಸಿಕ್ಕಿತು. ಹಾರ್ಡನರ್ ಹಾಕಿ ಗಟ್ಟಿ ಮಾಡಿದ ಎರಡೂ ಪಟ್ಟಿಗಳಿಗೆ ಮಲ್ಟಿಮೀಟರ್ ಹಚ್ಚಿ ನೋಡಿದೆ. ಕಚ್ಚಾದರಲ್ಲಿ ಟ್ಯೂಬಿಗೆ ಟ್ಯೂಬು ತಾಗಿ ಬಲೆಯಾಗಿತ್ತು, ಕರೆಂಟು ಹರಿಯಿತು. ಆಸಿಡ್ ತಿಂದ ಟ್ಯೂಬಿನ ಚೆಂದದ ಪಟ್ಟಿಗೆ ಮೀಟರು ಮಿಸುಕಲೇ ಇಲ್ಲ.