ಸುಣ್ಣದ ಗೆರೆಯೊಳಗೆ ನಾಲ್ಕು ವಿಚಿತ್ರ ಕಟ್ಟಡ: ಯಾವುದರಲ್ಲಿ ಸಂಸಾರ ಮಾಡಬಹುದು?

ದಾವಣಗೆರೆಯಲ್ಲಿ ದಾರಿ ಕೇಳಿದರೆ ಯಾರೂ ಅಪಾರ್ಟ್‌ಮೆಂಟ್ ಹೆಸರು ಹೇಳುವುದಿಲ್ಲ. ರಾಂ ಅಂಡ್ ಕೋ ಸರ್ಕಲ್, ಗುಂಡಿ ಸರ್ಕಲ್, ಅರುಣಾ ಟಾಕೀಸು, ಈಚೆಗೆ ಗಾಜಿನ ಮನೆ. ಇಷ್ಟರಲ್ಲೇ ಅರ್ಧ ಊರು ಹೇಳಿ ಮುಗಿಸಬಹುದು. ಹೀಗಿರುವಾಗ ನನ್ನ ಭಾಮೈದನ ಕೈಗೆ ಒಂದು ಬಣ್ಣದ ಪುಸ್ತಕ ಬಂತು. ಬಿಲ್ಡರ್ ಒಬ್ಬರು ಕೊಟ್ಟಿದ್ದು. ಒಳಗೆ ಬಹುಮಹಡಿ ಕಟ್ಟಡದ ಚಿತ್ರ. ಅದರ ಮುಂಭಾಗ ಒಂದು ಮಹಡಿಗೆ ಹೊರಗೆ ಉಬ್ಬುತ್ತದೆ, ಇನ್ನೊಂದಕ್ಕೆ ಒಳಗೆ ಸರಿಯುತ್ತದೆ. ಇಡೀ ಊರಿಗೆ ಇದೇ ಗುರುತಾಗುತ್ತದೆ ಅನ್ನುವುದು ಅವರ ಮಾತು. ಹುಡುಗ ಮರುಳಾಗಿಬಿಟ್ಟಿದ್ದ. "ಭಾವ, ನೀವು ಪ್ಲಾನ್ ಬರೆಯೋರು, ನೋಡಿ ಹೇಳಿ" ಅಂತ ತಂದು ಕೊಟ್ಟ.

ನಾನು ಸಿವಿಲ್ ಎಂಜಿನಿಯರ್ ಒಬ್ಬರ ಆಫೀಸಿನಲ್ಲಿ ಡ್ರಾಫ್ಟಿಂಗ್ ಮಾಡುವವನು. ಕಾಗದದ ಮೇಲೆ ಎಲ್ಲ ಮನೆಯೂ ಚೆಂದವೇ. ಮಂಚ ಹಾಕಿ, ನಾಲ್ಕು ಜನ ಕೂತಾಗಲೇ ಬಣ್ಣ ಬಯಲಾಗುವುದು. ವಿಚಿತ್ರ ಆಕಾರದಿಂದಲೇ ಹೆಸರು ಮಾಡಿದ ವಸತಿ ಕಟ್ಟಡಗಳು ಪ್ರಪಂಚದಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡೆವು. ಆನಗೋಡಿನ ಕಡೆ ಮಾವನವರ ಕಣ ಇದೆ, ಬೇಸಿಗೆಯಲ್ಲಿ ಖಾಲಿ ಬಿದ್ದಿರುತ್ತದೆ. ಅಲ್ಲಿ ಕಬಡ್ಡಿ ಅಂಕಣಕ್ಕೆ ಹಾಕುವ ಹಾಗೆ ಸುಣ್ಣದ ಗೆರೆ ಎಳೆದು, ಆ ಮನೆಗಳನ್ನು ನಿಜ ಅಳತೆಯಲ್ಲೇ ಬರೆದೆವು. ಮಡಚುವ ಮಂಚ, ಪ್ಲಾಸ್ಟಿಕ್ ಕುರ್ಚಿ ತಂದೆವು. ಬೀರು ಹೊರುವವರು ಯಾರು? ಅದರ ತಳದ ಅಳತೆಗೆ ರಟ್ಟು ಕತ್ತರಿಸಿಕೊಂಡೆವು. ಗೆರೆ ತುಳಿದವರು ಗೋಡೆಗೆ ಗುದ್ದಿದಂತೆ ಲೆಕ್ಕ. ತೀರ್ಪುಗಾರರು ನಮ್ಮ ಅತ್ತೆ. ಅವರಿಗೆ ಇವುಗಳ ಹೆಸರೂ ಗೊತ್ತಿಲ್ಲ, ಕೀರ್ತಿಯೂ ಗೊತ್ತಿಲ್ಲ. ಅದಕ್ಕೇ ಅವರು ಬೇಕಿತ್ತು.

ಮೊದಲು ಶಿಕಾಗೋದ ಮರೀನಾ ಸಿಟಿ. ನದಿ ದಂಡೆಯ ಮೇಲೆ ಎರಡು ದುಂಡನೆಯ ಗೋಪುರ, 65 ಮಹಡಿ, ಸುಮಾರು 179 ಮೀಟರ್ ಎತ್ತರ. ಬರ್ಟ್ರಂಡ್ ಗೋಲ್ಡ್‌ಬರ್ಗ್ ಎಂಬ ವಾಸ್ತುಶಿಲ್ಪಿ 1960ರ ದಶಕದಲ್ಲಿ ಕಟ್ಟಿಸಿದ್ದು. ಕೆಳಗಿನ 19 ಮಹಡಿ ಪೂರ್ತಿ ಕಾರು ನಿಲ್ಲಿಸುವ ಜಾಗ, ಸುತ್ತುತ್ತಾ ಮೇಲೆ ಹೋಗುವ ರ‍್ಯಾಂಪು. ಮನೆಗಳೆಲ್ಲ ಅದರ ಮೇಲೆ. ಪ್ರತಿ ಮನೆಯ ಮುಂದೆ ಅರ್ಧಚಂದ್ರದ ಬಾಲ್ಕನಿ ಉಬ್ಬಿ ನಿಂತಿರುವುದರಿಂದ ಅಲ್ಲಿಯವರು ಇದನ್ನು ಮೆಕ್ಕೆಜೋಳದ ತೆನೆ ಅಂತಲೇ ಕರೆಯುತ್ತಾರೆ. ಫೋಟೋ ತೋರಿಸಿದ ಕೂಡಲೇ ಮಾವನವರೂ ಅದನ್ನೇ ಅಂದರು. ನಮ್ಮ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಮೆಕ್ಕೆಜೋಳ, ಬೇರೆ ಏನು ಹೊಳೆಯಬೇಕು ಅವರಿಗೆ!

ಬರೆಯುವುದು ಸುಲಭ. ನಡುವೆ ಗೂಟ ಹೊಡೆದು ಹಗ್ಗ ಕಟ್ಟಿ ಸುತ್ತಿದರಾಯಿತು. ಮಧ್ಯೆ 35 ಅಡಿ ಅಗಲದ ಗಟ್ಟಿ ಕಾಂಕ್ರೀಟ್ ಕೊಳವೆ, ಅದರೊಳಗೆ ಲಿಫ್ಟು, ಮೆಟ್ಟಿಲು. ಸುತ್ತ 16 ಹೋಳು. ಚಿಕ್ಕ ಮನೆಗೆ ಒಂದು ಹೋಳು, ಒಂದು ಬೆಡ್‌ರೂಮಿನದಕ್ಕೆ ಒಂದೂವರೆ, ಎರಡರದಕ್ಕೆ ಎರಡೂವರೆ. ಕೊಳವೆಯ ಹತ್ತಿರ ಒಂದು ಹೋಳಿನ ಅಗಲ ಸುಮಾರು 7 ಅಡಿ. ಹೊರಗೆ ಹೋದಂತೆ ಅಗಲ ಆಗುತ್ತಾ ಹೋಗುತ್ತದೆ. ಅಡುಗೆಮನೆ, ಬಚ್ಚಲು ಇಕ್ಕಟ್ಟಿನ ಕಡೆ, ಕೂರುವ ಜಾಗ ಬೆಳಕಿನ ಕಡೆ. ಬಾಗಿಲಿನಿಂದ ಬಾಲ್ಕನಿಗೆ ನಡೆದರೆ ಹೆಜ್ಜೆ ಹೆಜ್ಜೆಗೂ ಗೋಡೆಗಳು ದೂರ ಸರಿಯುತ್ತವೆ. ಬರೀ ಸುಣ್ಣದ ಗೆರೆಯಲ್ಲೂ ಅದು ತಿಳಿಯಿತು. ಇದು ನನಗೆ ನಿಜಕ್ಕೂ ಇಷ್ಟವಾಯಿತು.

ಮಂಚ ಇಟ್ಟ ಮೇಲೆ ಆಟ ಕೆಟ್ಟಿತು. ಒಂದು ಗೋಡೆಗೆ ಒತ್ತಿ ಇಟ್ಟರೆ ಇನ್ನೊಂದು ಗೋಡೆ ಓರೆ. ಮಂಚದ ತಲೆಯ ಹತ್ತಿರ ಮೂರು ಮೂಲೆಯ ಒಂದು ಸಂದಿ ಉಳಿಯಿತು, ಅಂಗೈ ಹಿಡಿಸುವಷ್ಟು. ಬೀರುವಿನ ರಟ್ಟನ್ನು ಹೇಗೆ ತಿರುಗಿಸಿದರೂ ಹಿಂದೆ ಅಂಥದ್ದೇ ಇನ್ನೊಂದು ಸಂದಿ. ಅತ್ತೆ ಬಗ್ಗಿ ನೋಡಿ, "ಇಲ್ಲಿ ಕಸಬರಿಗೆ ಹೋಗಲ್ಲ ಕಣ್ರೀ, ಜಿರಲೆಗೆ ಕಟ್ಟಿಸಿದಂಗೈತಿ" ಅಂದರು. ಆಮೇಲೆ ದೇವರ ಮೂಲೆ ಯಾವುದು ಅಂತ ಕೇಳಿದರು. 16 ಹೋಳಲ್ಲಿ ಈಶಾನ್ಯಕ್ಕೆ ಮುಖ ಮಾಡಿದ್ದು ಎರಡೋ ಮೂರೋ. ಉಳಿದವರು ಏನು ಮಾಡಬೇಕು? ಶಿಕಾಗೋದವರಿಗೆ ಈ ತಾಪತ್ರಯ ಇಲ್ಲ ಅನ್ನಿ.

ಎರಡನೆಯದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಟೋಕಿಯೋದ ನಕಾಗಿನ್ ಕ್ಯಾಪ್ಸೂಲ್ ಟವರ್, ಕಿಶೋ ಕುರೊಕಾವಾ 1972ರಲ್ಲಿ ಕಟ್ಟಿದ್ದು. ಫ್ಯಾಕ್ಟರಿಯಲ್ಲಿ ತಯಾರಾದ 140 ಡಬ್ಬಿಗಳನ್ನು ತಂದು ಎರಡು ಕಂಬಗಳಿಗೆ ಬೋಲ್ಟ್ ಹಾಕಿ ಬಿಗಿದಿದ್ದರು. ಒಂದೊಂದು ಡಬ್ಬಿ 2.5 ಮೀಟರ್ ಅಗಲ, 4 ಮೀಟರ್ ಉದ್ದ. ಒಂದು ದುಂಡನೆಯ ಕಿಟಕಿ, ಒಂದು ಪುಟ್ಟ ಬಚ್ಚಲು. ಅಡುಗೆಮನೆ ಇಲ್ಲ. ಗೆರೆಯೊಳಗೆ ಮಂಚ ಹಾಕಿ ನಾವಿಬ್ಬರು ಕೂತೆವು, ಅತ್ತೆಗೆ ಜಾಗ ಇರಲಿಲ್ಲ. ದಾವಣಗೆರೆಗೆ ಓದಲು ಬರುವ ಮಕ್ಕಳು ಇದಕ್ಕಿಂತ ಚಿಕ್ಕ ರೂಮಿನಲ್ಲಿ ಇಬ್ಬರಿಬ್ಬರು ಇರುತ್ತಾರೆ, ಆ ಲೆಕ್ಕಕ್ಕೆ ಇದು ಪರವಾಗಿಲ್ಲ. ಆದರೆ ಮನೆ ಅನ್ನಲು ಬಾಯಿ ಬರುವುದಿಲ್ಲ. 25 ವರ್ಷಕ್ಕೊಮ್ಮೆ ಹಳೆ ಡಬ್ಬಿ ಬಿಚ್ಚಿ ಹೊಸದು ಹಾಕಬೇಕು ಅನ್ನುವುದು ಮೂಲ ಯೋಜನೆ. ಅದು ಒಂದು ಸಲವೂ ಆಗಲಿಲ್ಲ. 2022ರಲ್ಲಿ ಕೆಲವು ಡಬ್ಬಿಗಳನ್ನು ಉಳಿಸಿಕೊಂಡು ಕಟ್ಟಡವನ್ನು ಕೆಡವಿದರು. ನಮ್ಮ ಕಡೆ ಅಪಾರ್ಟ್‌ಮೆಂಟಿನ ಮೆಂಟೆನೆನ್ಸ್ ದುಡ್ಡು ಎತ್ತುವುದೇ ಒಂದು ಜಗಳ, ಇನ್ನು ಡಬ್ಬಿ ಬದಲಿಸಲು ಯಾರು ಕೊಡುತ್ತಾರೆ?

ಮೂರನೆಯದು ಫ್ರಾನ್ಸಿನ ಮಾರ್ಸೇಯಲ್ಲಿದೆ. ನಮ್ಮ ಚಂಡೀಗಡದ ನಕ್ಷೆ ಬರೆದ ಲ ಕಾರ್ಬೂಸಿಯೆ 1952ರಲ್ಲಿ ಮುಗಿಸಿದ ಯುನಿತೆ. ದಪ್ಪ ಕಂಬಗಳ ಮೇಲೆ ನಿಂತ 18 ಮಹಡಿಯ ಕಾಂಕ್ರೀಟು, 337 ಮನೆ. ಮಾಳಿಗೆ ಮೇಲೆ ಮಕ್ಕಳ ಶಾಲೆ, ನೀರಾಟದ ಕೊಳ. ಕಟ್ಟಡದ ಹೊಟ್ಟೆಯೊಳಗೇ ಒಂದು ಅಂಗಡಿ ಬೀದಿ. ಊರವರು ಮೊದಮೊದಲು ಇದಕ್ಕೆ ಹುಚ್ಚನ ಮನೆ ಅಂತ ಹೆಸರಿಟ್ಟಿದ್ದರು. 2016ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿನ ಮನೆಯ ಅಗಲ 3.66 ಮೀಟರ್, ಅಂದರೆ ಬರೀ 12 ಅಡಿ. ಉದ್ದ ಮಾತ್ರ ಕಟ್ಟಡದ ಈ ಕಡೆಯಿಂದ ಆ ಕಡೆವರೆಗೆ. ಎರಡೂ ತುದಿಗೆ ಬಾಲ್ಕನಿ. ಹಳೇ ದಾವಣಗೆರೆಯಲ್ಲಿ ಇಂಥ ಮನೆ ಎಷ್ಟು ಬೇಕು! ಮುಂದಿನ ಬಾಗಿಲಲ್ಲಿ ನಿಂತರೆ ಹಿತ್ತಲ ಬಾಗಿಲು ಕಾಣುತ್ತದೆ, ಎರಡನ್ನೂ ತೆರೆದಿಟ್ಟರೆ ಗಾಳಿ ಸೀದಾ ಓಡುತ್ತದೆ. ಅತ್ತೆಗೆ ಇದು ಹೊಸದು ಅಂತಲೇ ಅನಿಸಲಿಲ್ಲ. ಮಂಚ, ಬೀರು ಎಲ್ಲ ಒಂದೇ ಸಾಲಿಗೆ ಕೂತವು. ಮಕ್ಕಳ ರೂಮು ಮಾತ್ರ 6 ಅಡಿ ಅಗಲ. ಎರಡು ರೂಮಿನ ನಡುವೆ ಸರಿಸುವ ಹಲಗೆ, ಅದೇ ಮಕ್ಕಳಿಗೆ ಬರೆಯುವ ಕರಿಹಲಗೆಯೂ ಹೌದು. ಈ ಉಪಾಯ ಭಾಮೈದನಿಗೆ ತುಂಬಾ ಹಿಡಿಸಿತು. ತೊಂದರೆ ಇರುವುದು ಎರಡು ಅಂತಸ್ತಿನ ಮನೆ ಅನ್ನುವುದರಲ್ಲಿ. ಒಳಗೇ ಮೆಟ್ಟಿಲು ಹತ್ತಬೇಕು, ಅತ್ತೆಯ ಮಂಡಿ ಒಪ್ಪುವುದಿಲ್ಲ.

ಕೊನೆಗೆ ಮುಂಬೈನ ಕಾಂಚನಜುಂಗಾ. ಚಾರ್ಲ್ಸ್ ಕೊರಿಯಾ ಅವರದು, 1983ರಲ್ಲಿ ಮುಗಿದದ್ದು. ಕಂಬಾಲಾ ಹಿಲ್ ಮೇಲೆ 28 ಮಹಡಿ, 84 ಮೀಟರ್ ಎತ್ತರ, ಬರೀ 32 ಮನೆ. ಸಿರಿವಂತರದು, ಆ ಮಾತು ಬೇಡ. ಹೊರಗಿನಿಂದ ನೋಡಿದರೆ ಬಿಳಿ ಚೌಕದ ಗೋಪುರ, ಮೂಲೆಗಳಲ್ಲಿ ಅಲ್ಲಲ್ಲಿ ಕಚ್ಚಿ ತೆಗೆದಿದ್ದಾರೆ. ಕಚ್ಚಿದ ಜಾಗದಲ್ಲಿ ಎರಡು ಮಹಡಿ ಎತ್ತರದ ತೆರೆದ ಪಡಸಾಲೆ. ಈ ಆಕಾರಕ್ಕೆ ಕಾರಣ ಶೋಕಿಯಲ್ಲ, ಹವೆ. ಮುಂಬೈಗೆ ಸಮುದ್ರದ ಗಾಳಿ ಬರುವುದು ಪಶ್ಚಿಮದಿಂದ. ಸಂಜೆಯ ಸುಡು ಬಿಸಿಲು, ಮಳೆಯ ಎರಚಲು ಬರುವುದೂ ಅಲ್ಲಿಂದಲೇ. ಗಾಳಿ ಬೇಕು, ಬಿಸಿಲು ಬೇಡ. ಹಳೆ ಬಂಗಲೆಗಳು ಸುತ್ತ ವರಾಂಡ ಇಟ್ಟು ಇದನ್ನು ನಿಭಾಯಿಸುತ್ತಿದ್ದವು. ಕೊರಿಯಾ ಆ ವರಾಂಡವನ್ನೇ ಆಕಾಶಕ್ಕೆ ಎತ್ತಿದರು.

ದಾವಣಗೆರೆಯ ಕಥೆಯೂ ಅದೇ ಅಲ್ವಾ? ಆಷಾಢದ ಗಾಳಿ ಬೀಸುವುದು ಪಶ್ಚಿಮದಿಂದ, ಏಪ್ರಿಲ್ ತಿಂಗಳಲ್ಲಿ ಗೋಡೆ ಕಾಯುವುದೂ ಪಶ್ಚಿಮದಿಂದ. ಅದಕ್ಕೇ ಇದನ್ನು ಬರೀ ಗೆರೆಯಲ್ಲಿ ಬಿಡಲಿಲ್ಲ. ಇಡೀ ಕಟ್ಟಡದ 21 ಮೀಟರ್ ಚೌಕ ಕಣದಲ್ಲಿ ಹಿಡಿಸುತ್ತಿರಲಿಲ್ಲ, ಒಂದು ಮೂಲೆ ಮಾತ್ರ ಬರೆದೆವು. ನಾಲ್ಕು ಬಿದಿರು ನೆಟ್ಟು, 10 ಅಡಿ ಎತ್ತರಕ್ಕೆ ತಾಡಪಾಲು ಕಟ್ಟಿದೆವು. ಎರಡು ಮಹಡಿ ಎತ್ತರ ನಮ್ಮ ಕೈಲಾಗುವ ಮಾತಲ್ಲ. ಪಡಸಾಲೆಯ ಆಳವನ್ನು ನಾನು 10 ಅಡಿ ಅಂತ ಇಟ್ಟುಕೊಂಡೆ. ಪಕ್ಕದಲ್ಲೇ ನಮ್ಮೂರ ಮಾಮೂಲಿ ಫ್ಲಾಟಿನ 3 ಅಡಿ ಬಾಲ್ಕನಿಗೂ ಒಂದು ತಾಡಪಾಲು.

ಮಧ್ಯಾಹ್ನ ಮೂರಕ್ಕೆ 3 ಅಡಿ ಬಾಲ್ಕನಿಯನ್ನು ದಾಟಿ ಬಿಸಿಲು ಹಾಲ್ ಒಳಗೆ ಐದು ಅಡಿ ಬಂದು ಕುರ್ಚಿಯ ಮೇಲೆ ಕೂತಿತ್ತು. 10 ಅಡಿಯದರಲ್ಲಿ ಬಿಸಿಲಿನ ಗೆರೆ ಪಡಸಾಲೆಯಲ್ಲೇ ನಿಂತಿತು. ನಾಲ್ಕಕ್ಕೆ ಹಾಲ್‌ನ ಅಂಚು ದಾಟಿ ಸ್ವಲ್ಪ ಒಳಗೆ ಬಂತು. ಐದರ ಹೊತ್ತಿಗೆ ಎರಡರಲ್ಲೂ ಒಳಗೇ ಇತ್ತು, ಆದರೆ ಆಗ ಅದಕ್ಕೆ ಉರಿ ಕಡಿಮೆ. ಮಾಡು ಎತ್ತರವಾದಷ್ಟೂ ಬಿಸಿಲು ಇನ್ನೂ ಒಳಗೆ ಬರುತ್ತದೆ. ಹಾಗಾಗಿ ಎರಡು ಮಹಡಿ ಎತ್ತರ ಇಟ್ಟವರು ಆಳವನ್ನೂ ಬಿಡಲೇಬೇಕು, ಇಲ್ಲದಿದ್ದರೆ ಅದು ಬರೀ ಚೆಂದಕ್ಕೆ. ಇನ್ನೊಂದು ಸಂಗತಿ: ಮೂಲೆಯಾದ್ದರಿಂದ ಎರಡು ಕಡೆ ತೆರೆದಿರುತ್ತದೆ, ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುತ್ತದೆ. ಅತ್ತೆ ಅಲ್ಲೇ ಕುರ್ಚಿ ಹಾಕಿಕೊಂಡು ಮಂಡಕ್ಕಿ, ಮೆಣಸಿನಕಾಯಿ ತಿಂದರು. ತೀರ್ಪು ಬೇರೆ ಕೇಳಬೇಕೆ? ಆ ಮನೆಗಳ ಒಳಗೆ ಅಲ್ಲಲ್ಲಿ ನೆಲದ ಮಟ್ಟ ಬದಲಾಗಿ ಒಂದೆರಡು ಮೆಟ್ಟಿಲು ಬರುತ್ತವೆ ಎಂದು ಹೇಳಿದಾಗ ಮಾತ್ರ ಮುಖ ಸ್ವಲ್ಪ ಸಣ್ಣದಾಯಿತು.

ಊರಿಗೆ ಗುರುತು ಯಾವುದು ಅಂತ ಕೇಳಿದರೆ ನನ್ನ ಓಟು ಮರೀನಾ ಸಿಟಿಗೆ. ಒಂದು ಸಲ ನೋಡಿದವರು ಮರೆಯುವುದಿಲ್ಲ. ನಮ್ಮ ಬಯಲು ಊರಿನಲ್ಲಿ ಅಂಥದ್ದೊಂದು ನಿಂತರೆ ಬೈಪಾಸಿನಿಂದಲೇ ಕಾಣುತ್ತದೆ, ಆಟೋದವರು ಬೇರೆ ಗುರುತು ಕೇಳುವುದೇ ಇಲ್ಲ. ಇರುವುದಕ್ಕೆ ಕಾಂಚನಜುಂಗಾದ ಮೂಲೆ, ಯುನಿತೆಯ ಉದ್ದ. ಮೂರರಲ್ಲೂ ಹೊರಗಿನ ವಿಚಿತ್ರಕ್ಕೆ ಒಳಗೊಂದು ಕಾರಣ ಇದೆ. ತೆನೆಯ ಕಾಳು ಉಬ್ಬಿರುವುದು ಬಾಲ್ಕನಿಗಾಗಿ, ಗೋಪುರದ ಮೂಲೆ ಕಚ್ಚಿರುವುದು ನೆರಳಿಗಾಗಿ.

ಆಮೇಲೆ ಬಣ್ಣದ ಪುಸ್ತಕದ ಪ್ಲಾನನ್ನೂ ಅದೇ ಕಣದಲ್ಲಿ ಬರೆದೆವು. ಉಬ್ಬು ಬರುವ ಮಹಡಿಯಲ್ಲಿ ಬಾಲ್ಕನಿ 5 ಅಡಿ ಆಳ. ತಗ್ಗು ಬರುವ ಮಹಡಿಯಲ್ಲಿ ಒಂದೂವರೆ ಅಡಿ, ಬಟ್ಟೆ ಒಣಗಿಸಲು ಹೋದವರು ಅಡ್ಡಡ್ಡ ನಡೆಯಬೇಕು. ಒಳಗಿನ ರೂಮುಗಳು ಎಲ್ಲ ಮಹಡಿಗೂ ಒಂದೇ, ಚದರಡಿಯ ರೇಟೂ ಒಂದೇ. ಉಬ್ಬು, ತಗ್ಗು ಎರಡೂ ರಸ್ತೆಯಲ್ಲಿ ಹೋಗುವವರಿಗೆ. ಭಾಮೈದ ಟೇಪು ಹಿಡಿದುಕೊಂಡೇ ಬಿಲ್ಡರ್ ಆಫೀಸಿಗೆ ಹೋದ. ಉಬ್ಬಿನ ಮಹಡಿಯೇ ಬೇಕು, ಲಿಫ್ಟಿಗೆ ಜನರೇಟರ್ ಇದೆಯಾ, ಕರೆಂಟು ಹೋದರೆ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಮೋಟರು ಅದರಲ್ಲೇ ಓಡುತ್ತದಾ ಅಂತ ಕೇಳಿದ್ದಾನೆ. ಉಬ್ಬಿನ ಮಹಡಿಗೆ ಈಗ ರೇಟು ಬೇರೆ ಅಂತೆ. ಎಷ್ಟು ಅಂತ ಇನ್ನೂ ಹೇಳಿಲ್ಲ.