‘ಉಚಿತ ಮೂಳೆ ತಪಾಸಣೆ’ಗೆ ಮನೆಯ ಹಿರಿಯರನ್ನು ಕಳಿಸುವ ಮುನ್ನ

ಬಡಾವಣೆಯ ಸಮುದಾಯ ಭವನದ ಮುಂದೆಯೋ ಕಲ್ಯಾಣ ಮಂಟಪದ ಗೇಟಿನ ಮೇಲೋ ‘ಉಚಿತ ಮೂಳೆ ಸಾಂದ್ರತೆ ತಪಾಸಣಾ ಶಿಬಿರ’ ಎಂಬ ಬ್ಯಾನರ್ ಕಂಡರೆ ಎರಡು ನಿಮಿಷ ನಿಂತು ಯೋಚಿಸಿ. ಇಂಥ ಶಿಬಿರಗಳಲ್ಲಿ ಶುರುವಾದ ಚಿಕಿತ್ಸೆಯಿಂದಲೇ ನಮ್ಮ ಅತ್ತೆಯವರು ಆಸ್ಪತ್ರೆ ಸೇರಿದರು. ಅವರನ್ನು ಮಲಗಿಸಿದ್ದು ಯಾವ ಭಯಂಕರ ಔಷಧಿಯೂ ಅಲ್ಲ, ವಿಟಮಿನ್ ಡಿ. ವಿಟಮಿನ್ ತಾನೇ, ಹೆಚ್ಚಾದರೆ ಏನಾಗುತ್ತದೆ ಎಂದು ಹೇಳುವವರು ನಮ್ಮ ಬಳಗದಲ್ಲಿ ಈಗಲೂ ಇದ್ದಾರೆ. ಅವರಿಗಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಕಂಪನಿ, ವೈದ್ಯರು, ಆಸ್ಪತ್ರೆ ಯಾರ ಹೆಸರನ್ನೂ ಹಾಕುವುದಿಲ್ಲ.

ಮೈಸೂರಿನ ನಮ್ಮ ಬಡಾವಣೆಯಲ್ಲಿ ಹಿರಿಯ ನಾಗರಿಕರ ಸಂಘವೊಂದಿದೆ. ಕೆಲವು ತಿಂಗಳಿಗೊಮ್ಮೆ ಶಿಬಿರ ನಡೆಸುತ್ತದೆ. ಹಾಲ್ ಬಾಡಿಗೆ, ಉಪ್ಪಿಟ್ಟು, ಕಾಫಿ, ಬ್ಯಾನರ್ ಎಲ್ಲವೂ ಔಷಧ ಕಂಪನಿಯದು. ‘ಸಂಘಕ್ಕೆ ಒಂದು ರೂಪಾಯಿ ಖರ್ಚಿಲ್ಲ’ ಎಂದು ಕಾರ್ಯದರ್ಶಿಗಳು ಹೆಮ್ಮೆಯಿಂದ ಹೇಳುತ್ತಿದ್ದರು. ಒಳಗೆ ಮೂರು ಮೇಜುಗಳು. ಮೊದಲನೆಯದರಲ್ಲಿ ಪುಟ್ಟ ಯಂತ್ರ. ಹಿಮ್ಮಡಿಗೆ ಜೆಲ್ ಹಚ್ಚಿ ಅದರೊಳಗೆ ಪಾದ ಇಟ್ಟರೆ ಸ್ವಲ್ಪ ಹೊತ್ತಿನಲ್ಲೇ ಕೆಂಪು, ಹಳದಿ, ಹಸಿರು ಪಟ್ಟಿಯ ಮೇಲೆ ಚುಕ್ಕೆಯಿಟ್ಟ ಚೀಟಿ ಹೊರಬರುತ್ತದೆ. ಯಂತ್ರ ನಡೆಸುವ ಯುವಕ ನರ್ಸ್ ಅಲ್ಲ, ತಂತ್ರಜ್ಞನೂ ಅಲ್ಲ. ಕಂಪನಿಯ ಮೆಡಿಕಲ್ ರೆಪ್. ಎರಡನೆಯ ಮೇಜಿನಲ್ಲಿ ವೈದ್ಯರು. ಮೂರನೆಯದು ರಿಯಾಯಿತಿ ದರದಲ್ಲಿ ಮಾತ್ರೆ ಕೊಡುವ ಔಷಧಿ ಅಂಗಡಿಯವರದು. ಒಂದು ಬಾಗಿಲಿನಿಂದ ಆರೋಗ್ಯವಂತರಾಗಿ ಒಳಗೆ ಹೋದವರು ಇನ್ನೊಂದು ಬಾಗಿಲಿನಿಂದ ರೋಗಿಗಳಾಗಿ, ಕೈಯಲ್ಲಿ ಔಷಧಿಯ ಚೀಲ ಹಿಡಿದು ಹೊರಬರುವ ವ್ಯವಸ್ಥೆ.

ಅತ್ತೆಯವರ ಚೀಟಿಯಲ್ಲಿ ಚುಕ್ಕೆ ಹಳದಿಯಲ್ಲಿತ್ತು. ‘ಆಸ್ಟಿಯೋಪೀನಿಯಾ ಇದೆ ಅಮ್ಮ, ಅಂದರೆ ಮೂಳೆ ತೆಳುವಾಗುತ್ತಿದೆ. ಈಗಲೇ ನೋಡಿಕೊಳ್ಳದಿದ್ದರೆ ನಾಳೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದರೆ ಹಾಸಿಗೆಯೇ ಗತಿ’ ಎಂದು ಹೇಳಿದರಂತೆ. ಅರವತ್ತೈದು ದಾಟಿದ ಯಾವ ಹೆಂಗಸಿಗೆ ಈ ಮಾತು ನಾಟುವುದಿಲ್ಲ? ಪಕ್ಕದ ಬೀದಿಯ ಗೆಳತಿಗೂ ಹಳದಿ, ಭಜನಾ ಮಂಡಳಿಯ ಇನ್ನಿಬ್ಬರಿಗೂ ಹಳದಿ.

ಹಳದಿ ಬಾರದಿದ್ದರೆ ಆಶ್ಚರ್ಯ. ಮೂಳೆಯ ಗಟ್ಟಿತನಕ್ಕೆ ಕೊಡುವ ಟಿ-ಸ್ಕೋರ್ ಹೋಲಿಸುವುದು ಹರೆಯದ ಆರೋಗ್ಯವಂತ ಹೆಂಗಸಿನ ಮೂಳೆಯೊಂದಿಗೆ. -1ರಿಂದ -2.5ರ ನಡುವೆ ಇದ್ದರೆ ಆಸ್ಟಿಯೋಪೀನಿಯಾ, -2.5 ಮತ್ತು ಅದಕ್ಕಿಂತ ಕೆಳಗೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತ. ಮುಟ್ಟು ನಿಂತು ವರ್ಷಗಳಾದವರಲ್ಲಿ ಬಹಳಷ್ಟು ಜನ ಆ ಮೊದಲನೆಯ ಪಟ್ಟಿಯೊಳಗೆ ಬೀಳುತ್ತಾರೆ. ಸಾಲದ್ದಕ್ಕೆ ಈ ಅಂಕಿಗಳನ್ನು ನಿಗದಿ ಮಾಡಿರುವುದು ಸೊಂಟ, ಬೆನ್ನುಮೂಳೆಗಳ ಸಾಂದ್ರತೆಯನ್ನು ಎಕ್ಸ್‌ರೇಯಿಂದ ಅಳೆಯುವ ಡೆಕ್ಸಾ ಸ್ಕ್ಯಾನ್‌ಗೆ. ಹಿಮ್ಮಡಿಯ ಅಲ್ಟ್ರಾಸೌಂಡ್ ಯಂತ್ರಕ್ಕಲ್ಲ. ಹಿಮ್ಮಡಿಯ ಯಂತ್ರ ಹೆಚ್ಚೆಂದರೆ ‘ಮುಂದಿನ ಪರೀಕ್ಷೆ ಬೇಕಾಗಬಹುದು’ ಎನ್ನಬಲ್ಲದು. ಅದರ ಚೀಟಿಯ ಮೇಲೆ ನೇರವಾಗಿ ಔಷಧಿ ಬರೆಯುವುದು ತಪ್ಪು. ಡೆಕ್ಸಾ ಮಾಡಿಸಿ ಎಂದು ಅಲ್ಲಿ ಯಾರೂ ಅತ್ತೆಯವರಿಗೆ ಹೇಳಲಿಲ್ಲ.

ಇದು ನಮ್ಮೂರಿನ ಜಾಣತನ ಎಂದುಕೊಂಡಿದ್ದೆ; ಅಲ್ಲ. ಈ ದಾರಿಯನ್ನು ಅಮೆರಿಕದಲ್ಲಿ ಮೂರು ದಶಕಗಳ ಹಿಂದೆಯೇ ಹಾಕಿಕೊಟ್ಟಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡ 1992ರಲ್ಲಿ ರೋಮ್‌ನಲ್ಲಿ ಸೇರಿ ಆ -1, -2.5ರ ಗೆರೆಗಳನ್ನು ಎಳೆಯಿತು. 1995ರಲ್ಲಿ ಮರ್ಕ್ ಕಂಪನಿಯ ಮೂಳೆ ಮಾತ್ರೆ ಫೋಸಮ್ಯಾಕ್ಸ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮಾತ್ರೆ ಸಿದ್ಧವಿತ್ತು, ಆದರೆ ಮೂಳೆ ಅಳೆಯುವ ಯಂತ್ರಗಳು ಹೆಚ್ಚಿರಲಿಲ್ಲ. ಅಳೆಯದೆ ರೋಗಿಗಳು ಸಿಗುವುದಿಲ್ಲ. ಮರ್ಕ್ ‘ಬೋನ್ ಮೆಷರ್‌ಮೆಂಟ್ ಇನ್‌ಸ್ಟಿಟ್ಯೂಟ್’ ಎಂಬ ಸಂಸ್ಥೆಯನ್ನೇ ಹುಟ್ಟುಹಾಕಿ, ಅಗ್ಗದ ಸಣ್ಣ ಯಂತ್ರಗಳು ಸಾಮಾನ್ಯ ವೈದ್ಯರ ಕ್ಲಿನಿಕ್‌ಗಳಿಗೆ ತಲುಪುವಂತೆ ನೋಡಿಕೊಂಡಿತು. ಸಂಶೋಧಕರ ಅನುಕೂಲಕ್ಕೆ ಹುಟ್ಟಿದ ಆಸ್ಟಿಯೋಪೀನಿಯಾ ಎಂಬ ಹೆಸರು ಹೀಗೆ ಮನೆಮನೆಯ ಕಾಯಿಲೆಯಾಯಿತು. ಔಷಧಿಗಿಂತ ಮೊದಲು ರೋಗವನ್ನು ಮಾರಬೇಕು ಎನ್ನುವುದು ಈ ವ್ಯಾಪಾರದ ಮೊದಲ ಪಾಠವಿರಬೇಕು. ವೈದ್ಯರ ಚೀಟಿ ಬೇಕಾದ ಔಷಧಿಗೆ ನಮ್ಮಲ್ಲಿ ಟಿ.ವಿ.ಯಲ್ಲಿ ಮನಬಂದಂತೆ ಜಾಹೀರಾತು ಕೊಡುವಂತಿಲ್ಲ. ಶಿಬಿರಕ್ಕೆ ಅಂಥ ಅಡ್ಡಿ ಕಾಣುವುದಿಲ್ಲ. ಅಲ್ಲಿ ತಪಾಸಣೆಯೇ ಜಾಹೀರಾತು.

ಅತ್ತೆಯವರಿಗೆ ಮೊದಲ ಶಿಬಿರದಲ್ಲಿ ಸಿಕ್ಕಿದ್ದು ವಾರಕ್ಕೊಂದರಂತೆ 60,000 ಯೂನಿಟ್ ವಿಟಮಿನ್ ಡಿ ಪುಡಿಯ ಸ್ಯಾಶೆ, ದಿನಕ್ಕೆರಡು ಕ್ಯಾಲ್ಸಿಯಂ ಮಾತ್ರೆ, ಮತ್ತು ‘ಬೇಗ ಏರಲಿ’ ಎಂದು 6 ಲಕ್ಷ ಯೂನಿಟ್‌ನ ಒಂದು ಚುಚ್ಚುಮದ್ದು. ವಾರದ ಸ್ಯಾಶೆಯನ್ನು ಸಾಮಾನ್ಯವಾಗಿ ಎಂಟು ವಾರ ಕೊಟ್ಟು ನಿಲ್ಲಿಸುತ್ತಾರೆ. ಇವರ ಚೀಟಿಯಲ್ಲಿ ನಿಲ್ಲಿಸುವ ದಿನಾಂಕವೇ ಇರಲಿಲ್ಲ. ಮುಂದಿನ ಶಿಬಿರಕ್ಕೆ ಬಂದದ್ದು ಬೇರೆ ಕಂಪನಿ, ಬೇರೆ ವೈದ್ಯರು, ಮತ್ತೆ ಒಂದು ಚುಚ್ಚುಮದ್ದು. ಈ ಬಾರಿ ಸ್ಯಾಶೆಯ ಬದಲು ಕ್ಯಾಪ್ಸೂಲ್. ಅದರ ಬ್ರ್ಯಾಂಡ್ ಹೆಸರೇ ಬೇರೆ, ಬಣ್ಣವೇ ಬೇರೆ. ಒಳಗಿರುವುದು ಮಾತ್ರ ಅದೇ 60,000 ಯೂನಿಟ್ ವಿಟಮಿನ್ ಡಿ. ಹಿಂದಿನದನ್ನು ಬಿಡಿ ಎಂದು ಹೇಳುವವರಿಲ್ಲದ ಮೇಲೆ ಅತ್ತೆಯವರು ಭಾನುವಾರ ಸ್ಯಾಶೆ, ಬುಧವಾರ ಕ್ಯಾಪ್ಸೂಲ್ ಎಂದು ಶಿಸ್ತಾಗಿ ತೆಗೆದುಕೊಂಡರು. ಔಷಧಿ ಅಂಗಡಿಯಲ್ಲಿ ಎರಡನ್ನೂ ಒಂದೇ ಬಿಲ್ಲಿನಲ್ಲಿ ಕೊಟ್ಟಿದ್ದಾರೆ. ಬಿಲ್ಲುಗಳು ನನ್ನ ಬಳಿ ಇವೆ. ಎರಡನೆಯ ಚೀಟಿಯ ಕ್ಯಾಲ್ಸಿಯಂ ಮಾತ್ರೆಯಲ್ಲಿ ಕ್ಯಾಲ್ಸಿಟ್ರಿಯಾಲ್ ಕೂಡ ಸೇರಿತ್ತು. ವಿಟಮಿನ್ ಡಿ ದೇಹದೊಳಗೆ ಹೋಗಿ ಕೊನೆಗೆ ಪಡೆಯುವ ರೂಪವೇ ಅದು, ನೇರವಾಗಿ ಕೆಲಸ ಮಾಡುತ್ತದೆ. ಸ್ಟ್ರಿಪ್‌ನ ಹಿಂಬದಿಯಲ್ಲಿ ಭೂತಗನ್ನಡಿ ಹಿಡಿದು ಓದಬೇಕಾದಷ್ಟು ಸಣ್ಣ ಅಕ್ಷರಗಳಲ್ಲಿ ಮುದ್ರಿಸಿದ್ದರು.

ಇನ್ನೊಂದು ಸಂಗತಿ. ಅತ್ತೆಯವರ ಬಿ.ಪಿ. ಮಾತ್ರೆಯಲ್ಲಿ ಕ್ಲೋರ್‌ಥಾಲಿಡೋನ್ ಇದೆ. ಈ ಬಗೆಯ ಔಷಧಿಗಳು ಮೂತ್ರದಲ್ಲಿ ಕ್ಯಾಲ್ಸಿಯಂ ಹೊರಹೋಗುವುದನ್ನು ತಗ್ಗಿಸುತ್ತವೆ. ಮೇಲಿನಿಂದ ತುಂಬಿಸುತ್ತಾ ಕೆಳಗಿನ ತೂಬು ಮುಚ್ಚಿದರೆ ಕೆರೆ ಏನಾಗುತ್ತದೆ? ‘ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ’ ಎಂಬ ಒಂದು ಪ್ರಶ್ನೆ ಸಾಕಿತ್ತು. ಎರಡು ಶಿಬಿರಗಳಲ್ಲೂ ಯಾರೂ ಕೇಳಲಿಲ್ಲ.

ಲಕ್ಷಣಗಳು ಕಳ್ಳನಂತೆ ಬಂದವು. ಊಟ ಬೇಡ, ವಾಕರಿಕೆ, ಮಲಬದ್ಧತೆ, ರಾತ್ರಿಯಿಡೀ ನೀರು ಕುಡಿಯುವುದು, ಬಚ್ಚಲಿಗೆ ಓಡುವುದು. ವಯಸ್ಸಾಯಿತು ಎಂದರು ಕೆಲವರು, ಸಕ್ಕರೆ ಕಾಯಿಲೆ ಇರಬಹುದು ಎಂದರು ಇನ್ನು ಕೆಲವರು. ರಕ್ತದ ಸಕ್ಕರೆ ಸರಿಯಾಗಿತ್ತು. ಕೊನೆಗೆ ಮೊಮ್ಮಗನನ್ನು ಬೇರೆ ಹೆಸರಿನಿಂದ ಕರೆಯತೊಡಗಿದರು, ಕುಳಿತಲ್ಲೇ ತೂಕಡಿಸತೊಡಗಿದರು. ಆಸ್ಪತ್ರೆಯಲ್ಲಿ ಕ್ಯಾಲ್ಸಿಯಂ 13 ದಾಟಿತ್ತು. ಪ್ರಯೋಗಾಲಯದ ಹಾಳೆಯಲ್ಲಿ ಸರಿಯಾದ ಮಿತಿ 10.5 ಎಂದಿತ್ತು. ಮೂತ್ರಪಿಂಡ ದಣಿದು, ಅದು ಸೋಸಿ ಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಏರಿತ್ತು. ವಿಟಮಿನ್ ಡಿ ವರದಿಯಲ್ಲಿ ಸಂಖ್ಯೆಯೇ ಇರಲಿಲ್ಲ, ‘150ಕ್ಕಿಂತ ಹೆಚ್ಚು’ ಎಂದಷ್ಟೇ ಬರೆದಿತ್ತು. ಅದಕ್ಕಿಂತ ಮೇಲೆ ಅಳೆಯಲು ಅವರ ಯಂತ್ರಕ್ಕೆ ಆಗುತ್ತಿರಲಿಲ್ಲ. ಮೂತ್ರಪಿಂಡ ತಜ್ಞರು ನನ್ನನ್ನು ಹೊರಗೆ ಕರೆದು, ‘ಮನೆಯಲ್ಲಿ ಇವರು ತೆಗೆದುಕೊಳ್ಳುವ ಮಾತ್ರೆ, ಪುಡಿ, ಟಾನಿಕ್ ಏನೇನಿದೆಯೋ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ತನ್ನಿ’ ಎಂದರು. ಚೀಲವನ್ನು ಮೇಜಿನ ಮೇಲೆ ಸುರಿದಾಗಲೇ ಕಥೆ ಬಯಲಾದದ್ದು.

ಸಲೈನ್, ಸ್ಟೀರಾಯ್ಡ್, ಮತ್ತೆ ಮತ್ತೆ ರಕ್ತ ಪರೀಕ್ಷೆ. ಮನೆಗೆ ಬಂದ ಮೇಲೂ ಮುಗಿಯಲಿಲ್ಲ. ಈ ವಿಟಮಿನ್ ಕೊಬ್ಬಿನಲ್ಲಿ ಶೇಖರವಾಗುವುದರಿಂದ ನಿಲ್ಲಿಸಿದ ನಂತರವೂ ತಿಂಗಳುಗಟ್ಟಲೆ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಈಗ ಸುಧಾರಿಸಿದ್ದಾರೆ, ಆದರೆ ಕ್ರಿಯಾಟಿನಿನ್ ಮೊದಲಿನ ಮಟ್ಟಕ್ಕೆ ಇಳಿದಿಲ್ಲ.

ತಪ್ಪು ತಿಳಿಯಬೇಡಿ. ನಮ್ಮ ದೇಶದಲ್ಲಿ ವಿಟಮಿನ್ ಡಿ ಕೊರತೆ ನಿಜವಾಗಿಯೂ ಇದೆ, ಮೂಳೆ ಸವೆದವರಿಗೆ ಒಳ್ಳೆಯ ಔಷಧಿಗಳೂ ಇವೆ. ಪ್ರಶ್ನೆ ಪ್ರಮಾಣದ್ದು, ಮತ್ತು ಕೊರತೆ ಎಂದು ಹೇಳುವವರು ಯಾರು ಎಂಬುದರದ್ದು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2010ರಲ್ಲಿ ವಯಸ್ಕರಿಗೆ ದಿನಕ್ಕೆ 600, ಎಪ್ಪತ್ತು ದಾಟಿದವರಿಗೆ 800 ಯೂನಿಟ್ ಸಾಕು, 4,000 ಮೀರಬಾರದು, ರಕ್ತದಲ್ಲಿ 20ರ (ಮಿ.ಲೀ.ಗೆ ನ್ಯಾನೊಗ್ರಾಂ) ಮಟ್ಟ ಬಹುತೇಕ ಎಲ್ಲರಿಗೂ ಸಾಕು ಎಂದಿತ್ತು. ಮರುವರ್ಷವೇ ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿ ಅದನ್ನು 30ಕ್ಕೆ ಏರಿಸಿತು. ಗೆರೆ ಹತ್ತು ಅಂಕಿ ಮೇಲೆ ಸರಿದದ್ದೇ ತಡ, ಕೋಟಿಗಟ್ಟಲೆ ಜನ ಕೂತಲ್ಲೇ ಕೊರತೆಯವರಾದರು. ಆ ಗೆರೆ ಎಳೆದ ಸೊಸೈಟಿಯ ಸಮಿತಿಗೆ ಅಧ್ಯಕ್ಷರಾಗಿದ್ದ ಬಾಸ್ಟನ್‌ನ ಮೈಕೇಲ್ ಹೋಲಿಕ್ ಅವರು ಔಷಧ ಕಂಪನಿಗಳಿಂದಲೂ ರಕ್ತ ಪರೀಕ್ಷೆ ಮಾಡುವ ಕಂಪನಿಯಿಂದಲೂ ಹಣ ಪಡೆಯುತ್ತಿದ್ದರು ಎಂಬುದನ್ನು 2018ರಲ್ಲಿ ಅಲ್ಲಿನ ಪತ್ರಿಕೆಗಳು ಬಯಲಿಗೆ ತಂದವು. ಹಣ ತಮ್ಮ ಅಭಿಪ್ರಾಯದ ಮೇಲೆ ಪ್ರಭಾವ ಬೀರಿಲ್ಲ ಎಂದು ಅವರು ಹೇಳಿದರು. ಇರಲಿ. 2024ರಲ್ಲಿ ಅದೇ ಸೊಸೈಟಿ ಆ 30ರ ಗುರಿಯನ್ನು ಕೈಬಿಟ್ಟಿತು, ಆರೋಗ್ಯವಂತ ವಯಸ್ಕರಿಗೆ ವಿಟಮಿನ್ ಡಿ ರಕ್ತ ಪರೀಕ್ಷೆಯನ್ನು ವಾಡಿಕೆಯಾಗಿ ಮಾಡಿಸಬೇಡಿ ಎಂದಿತು. ಅದಕ್ಕೂ ಮೊದಲು, 2022ರಲ್ಲಿ, ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಮೆರಿಕದ ಅಧ್ಯಯನವೊಂದು, ಸಾಮಾನ್ಯ ಆರೋಗ್ಯವಿರುವವರಲ್ಲಿ ದಿನಕ್ಕೆ 2,000 ಯೂನಿಟ್ ಕೊಟ್ಟರೂ ಮೂಳೆ ಮುರಿತ ಕಡಿಮೆಯಾಗಲಿಲ್ಲ ಎಂದು ತೋರಿಸಿತ್ತು. ಈ ಸುದ್ದಿಯನ್ನು ಹೇಳಲು ಯಾವ ಕಂಪನಿ ಉಪ್ಪಿಟ್ಟು ಹಾಕಿಸಿ ಶಿಬಿರ ನಡೆಸುತ್ತದೆ?

ಚೀಲದಲ್ಲಿದ್ದ ಒಂದು ಡಬ್ಬಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸಿತು. ವೈದ್ಯರ ಚೀಟಿಯಲ್ಲಿ ಔಷಧಿಯೆಂದೇ ಬರೆದಿದ್ದ, ದುಬಾರಿ ಬೆಲೆಯ ‘ಕೀಲು ಮೂಳೆ’ ಮಾತ್ರೆ ಅದು. ತಿರುಗಿಸಿ ನೋಡಿದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ಮುದ್ರೆ, ಹದಿನಾಲ್ಕು ಅಂಕಿಯ ಪರವಾನಗಿ ಸಂಖ್ಯೆ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ‘ಔಷಧೀಯ ಬಳಕೆಗಲ್ಲ’ ಎಂಬ ಸಾಲು. ಕಾನೂನಿನ ಕಣ್ಣಿನಲ್ಲಿ ಅದು ಆಹಾರ. ಔಷಧಿಗಳಿಗೆ ಅನ್ವಯಿಸುವ ಬೆಲೆ ನಿಯಂತ್ರಣ ಅದಕ್ಕಿಲ್ಲ. ನಿಮ್ಮ ಮನೆಯ ಮಾತ್ರೆಗಳನ್ನು ಇವತ್ತೇ ತಿರುಗಿಸಿ ನೋಡಿ. ಅಂಥದ್ದು ಒಂದಾದರೂ ಸಿಕ್ಕೀತು.

ಕಾನೂನು ಇಲ್ಲವೇ ಎಂದು ಕೇಳಬಹುದು. 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಕಂಪನಿಗಳು ವೈದ್ಯರಿಗೆ ಕೊಡುವ ಉಡುಗೊರೆಗಳನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ರಿಯಾಯಿತಿ ಪಡೆಯುವಂತಿಲ್ಲ ಎಂದಿತು. ಆ ತೀರ್ಪಿನಲ್ಲಿ ಬರುವ ಉಡುಗೊರೆಗಳು ಚಿನ್ನದ ನಾಣ್ಯ, ಫ್ರಿಜ್, ಟಿ.ವಿ., ವಿದೇಶ ಪ್ರವಾಸ! 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಔಷಧ ಮಾರಾಟ ನಡವಳಿಕೆಗೆ ಏಕರೂಪ ಸಂಹಿತೆ ಹೊರಡಿಸಿತು. ವೈದ್ಯರಿಗಾಗಲಿ ಅವರ ಮನೆಯವರಿಗಾಗಲಿ ಉಡುಗೊರೆ ಕೊಡುವಂತಿಲ್ಲ, ಮಾಹಿತಿಗೆಂದು ಕೊಡುವ ಡೈರಿ, ಕ್ಯಾಲೆಂಡರ್‌ನಂಥ ವಸ್ತುಗಳು ತಲಾ 1,000 ರೂಪಾಯಿ ಮೀರುವಂತಿಲ್ಲ. ಉಲ್ಲಂಘನೆಯಾದರೆ ದೂರು ಹೋಗಬೇಕಾದದ್ದು ಎಲ್ಲಿಗೆ ಗೊತ್ತೇ? ಔಷಧ ಕಂಪನಿಗಳದೇ ಸಂಘದ ನೈತಿಕ ಸಮಿತಿಗೆ. ಕಳ್ಳತನದ ದೂರನ್ನು ಕಳ್ಳನ ಚಿಕ್ಕಪ್ಪನ ಬಳಿ ಬರೆದುಕೊಡಿ ಎಂದಂತಾಯಿತು ಎಂದು ನಮ್ಮ ಮನೆಯವರು ಅಂದದ್ದು ಸುಳ್ಳೆನಿಸಲಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಔಷಧಿಯಿಂದ ತೊಂದರೆಯಾಗಿದ್ದರೆ ಸುಮ್ಮನಿರಬೇಡಿ. ಅಡ್ಡಪರಿಣಾಮಗಳನ್ನು ದಾಖಲಿಸಲು 2010ರಿಂದ ಕೇಂದ್ರ ಸರ್ಕಾರದ ಕಾರ್ಯಕ್ರಮವೊಂದಿದೆ. ಸಹಾಯವಾಣಿ 1800-180-3024, ಕರೆ ಉಚಿತ. ವೈದ್ಯರೇ ಹೇಳಬೇಕೆಂದಿಲ್ಲ, ರೋಗಿಯ ಕಡೆಯವರೂ ವರದಿ ಮಾಡಬಹುದು. ಅದಕ್ಕೆ ಪ್ರತ್ಯೇಕ ನಮೂನೆ ಇದೆ. ಬಿಲ್ಲು, ಸ್ಟ್ರಿಪ್, ಬ್ಯಾಚ್ ಸಂಖ್ಯೆ ಇಟ್ಟುಕೊಂಡಿದ್ದರೆ ಕೆಲಸ ಸುಲಭ. ಅತ್ತೆಯವರ ಪ್ರಕರಣವನ್ನು ನಾನು ಹೀಗೆಯೇ ದಾಖಲಿಸಿದೆ.

ಸಂಘದ ಸಭೆಯಲ್ಲೂ ಮಾತನಾಡಿದೆ. ಶಿಬಿರ ಬೇಡವೆನ್ನಲಿಲ್ಲ. ಯಂತ್ರವನ್ನು ಕಂಪನಿಯ ನೌಕರ ನಡೆಸಬಾರದು, ಅದೇ ಹಾಲ್‌ನಲ್ಲಿ ಔಷಧಿ ಮಾರಬಾರದು, ಈಗಾಗಲೇ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ನೋಡದೆ ಯಾರಿಗೂ ಚೀಟಿ ಬರೆಯಬಾರದು, ಬರೆದರೆ ಬ್ರ್ಯಾಂಡ್ ಹೆಸರಿನ ಜೊತೆಗೆ ಒಳಗಿರುವ ಔಷಧಿಯ ಹೆಸರು ಮತ್ತು ನಿಲ್ಲಿಸುವ ದಿನಾಂಕ ಇರಬೇಕು ಎಂದು ಕೇಳಿದೆ. ಕಾರ್ಯದರ್ಶಿಗಳು ಒಳ್ಳೆಯ ಮನುಷ್ಯರು, ಒಪ್ಪಿ ಕಂಪನಿಗೆ ತಿಳಿಸಿದರು. ಅಲ್ಲಿಂದ ಬಹಳ ವಿನಯದ ಉತ್ತರ ಬಂತು: ಈ ಬಾರಿ ದಿನಾಂಕ ಹೊಂದುತ್ತಿಲ್ಲವಂತೆ. ಅದೇ ಭಾನುವಾರ ಯಂತ್ರ ರಿಂಗ್ ರಸ್ತೆಯ ಆಚೆಗಿನ ಬಡಾವಣೆಗೆ ಹೋಯಿತೆಂದು ಕೇಳಿದೆ. ಅಲ್ಲಿ ನಿಮ್ಮ ಪರಿಚಯದವರಿದ್ದರೆ ದಯವಿಟ್ಟು ಇದನ್ನು ಅವರಿಗೆ ಕಳಿಸಿ.